ಕೃಷಿ ವಿಜ್ಞಾನಿಗಳೂ ಸಾಮಾಜಿಕ ಜಾಲತಾಣಗಳೂ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಹೊತ್ತೆಲ್ಲಾ ಫೋನಿನ ಮೇಲೆ ಬೆರಳಾಡಿಸುತ್ತಿರುತ್ತಾರಲ್ಲ, ಅದರಲ್ಲಿ ಅಂಥದ್ದೇನಿದೆ ಎಂದು ಬೆಳಿಗ್ಗೆ ಕಾಫಿಯ ವೇಳೆಯಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ನಾಲ್ಕು ಮಾತು ಹೇಳುತ್ತೇನೆ.

ನಾನು ಕೀಟಶಾಸ್ತ್ರ ಓದಿದವನು. ನನ್ನಂಥವರಿಗೆ ಹೊಸ ಸಂಶೋಧನಾ ಪ್ರಬಂಧ ಬೇಕಾದರೆ ಹಿಂದೆ ಅದನ್ನು ಬರೆದವರಿಗೆ ಕಾಗದ ಹಾಕಿ ವಾರಗಟ್ಟಲೆ ಕಾಯಬೇಕಾಗಿತ್ತು. 2008ರಲ್ಲಿ ರಿಸರ್ಚ್‌ಗೇಟ್ ಎಂಬ ತಾಣ ಆರಂಭವಾಯಿತು. ಅಲ್ಲಿ ಬರೆದವರನ್ನೇ ಕೇಳಿ ಪ್ರಬಂಧದ ಪ್ರತಿ ಪಡೆಯಬಹುದು. ಟ್ವಿಟರಿನಲ್ಲಿ, ಅಂದರೆ 2023ರಲ್ಲಿ ಎಕ್ಸ್ ಎಂದು ಹೆಸರು ಬದಲಿಸಿಕೊಂಡ ತಾಣದಲ್ಲಿ, ಹೊರದೇಶದ ವಿಜ್ಞಾನಿಗಳ ಚರ್ಚೆಯನ್ನು ನೋಡುತ್ತೇವೆ. ಆಮೇಲೆ ಅಲ್ಲಿಂದ ಎದ್ದು ಬೇರೆ ತಾಣ ಸೇರಿದವರೂ ಉಂಟು. ಇವೆಲ್ಲ ನಮ್ಮ ನಮ್ಮೊಳಗಿನ ವ್ಯವಹಾರ. ತಮ್ಮ ಹೊಲಕ್ಕೆ ಸಂಬಂಧಪಟ್ಟದ್ದು ವಾಟ್ಸಾಪು. ಆದ್ದರಿಂದ ಅದರ ವಿಷಯವನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡದ್ದು ತಮಗೆ ನೆನಪಿರಬಹುದು. ಅಮೆರಿಕಾ ಖಂಡದ ಈ ಕೀಟ 2016ರಲ್ಲಿ ಆಫ್ರಿಕಾಕ್ಕೆ ಬಂದು, ಅಲ್ಲಿಂದಾಚೆಗೆ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲೇ. ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ಹಾರಬಲ್ಲದು. ನಮ್ಮ ಪ್ರಬಂಧಗಳೋ ಅಚ್ಚಾಗಲು ತಿಂಗಳುಗಳನ್ನೇ ತೆಗೆದುಕೊಳ್ಳುತ್ತವೆ! ಆ ಮುಂಗಾರಿನಲ್ಲಿ ನನ್ನ ಫೋನಿಗೆ ದಿನವೂ ಹುಳುವಿನ ಚಿತ್ರಗಳು ಬರುತ್ತಿದ್ದವು. ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರದಂಥ ಬಿಳಿ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ. ಇವು ಸ್ಪಷ್ಟವಾಗಿದ್ದ ಚಿತ್ರ ಬಂದರೆ ಯಾವ ಊರು ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೆವು. ನಾವು ನಾಲ್ಕು ಮಂದಿ ಜೀಪಿನಲ್ಲಿ ಸುತ್ತಿ ನೋಡಲಾಗದಷ್ಟು ಹೊಲಗಳು ಹೀಗೆ ನಮ್ಮ ಕಣ್ಣಿಗೆ ಬಿದ್ದವು.

ಆದರೆ ಒಂದು ವಿಷಯ ಗಮನಿಸಬೇಕು. ಈ ಕೀಟ ಇಂಥದ್ದೇ ಎಂದು ಮೊದಲು ತೀರ್ಮಾನವಾದದ್ದು ಚಿತ್ರ ನೋಡಿ ಅಲ್ಲ. ಹುಳುಗಳನ್ನು ತಂದು, ಸಾಕಿ, ಪತಂಗವಾದ ಮೇಲೆ ಅದರ ದೇಹರಚನೆಯನ್ನೂ ಅನುವಂಶಿಕ ಧಾತುವನ್ನೂ ಪರೀಕ್ಷಿಸಿದ ಮೇಲೆ. ಮೊಟ್ಟೆಯೊಡೆದು ಆಗತಾನೆ ಬಂದ ಮರಿಗಳನ್ನು ಚಿತ್ರದಲ್ಲಿ ಗುರುತಿಸಲು ಹೋಗುವುದು ಕಷ್ಟ. ಭತ್ತ ಹಳದಿಯಾಗಿದೆ ಎಂದು ಸಂಜೆ ಬಿಸಿಲಲ್ಲಿ ತೆಗೆದ ಚಿತ್ರ ಕಳಿಸಿ, ಯಾವ ಗೊಬ್ಬರ ಹಾಕಲಿ ಎಂದರೆ ನಾನೇನು ಹೇಳಲಿ? ಸಾರಜನಕದ ಕೊರತೆಯೋ, ಸತುವಿನದೋ, ನೀರು ನಿಂತು ಬೇರು ಕೊಳೆತಿದೆಯೋ! ಆ ಸಂಜೆ ಬಿಸಿಲಿಗೆ ನನ್ನ ಮುಖವೂ ಹಳದಿಯಾಗಿಯೇ ಕಾಣುತ್ತದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹೇಳಲು ಸಂಕೋಚವಾಗುತ್ತದೆ, ಆದರೂ ತಮಗೆ ತಿಳಿದಿರಲಿ.

ಈ ಹುಳುವಿಗೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಔಷಧಿಯನ್ನು ಲೀಟರ್ ನೀರಿಗೆ 0.4 ಗ್ರಾಂನಂತೆ ಬೆರೆಸಿ ಸುಳಿಗೆ ಬೀಳುವ ಹಾಗೆ ಸಿಂಪಡಿಸಬೇಕು. ರೈತರ ಗುಂಪೊಂದಕ್ಕೆ ಇದನ್ನು ಬರೆಯುವಾಗ ಅವಸರದಲ್ಲಿ ಮುಂದಿನ ಸೊನ್ನೆ ಬಿಟ್ಟು, ಬರೀ ಚುಕ್ಕಿಯಿಟ್ಟು ನಾಲ್ಕು ಎಂದು ಒತ್ತಿದೆ. ಯಾರೋ ಪುಣ್ಯಾತ್ಮರು ಅದನ್ನು ತಮ್ಮ ಊರಿನ ಗುಂಪಿಗೆ ತಿರುಗಿ ಬರೆದರು. ಚುಕ್ಕಿ ಹಾರಿಹೋಯಿತು, 4 ಗ್ರಾಂ ಆಯಿತು. ನನ್ನ ಹೆಸರು, ತಾರೀಖು, ಬೆಳೆಯ ಹಂತ ಯಾವುದೂ ಅದರಲ್ಲಿ ಉಳಿಯಲಿಲ್ಲ. ಮೂರು ದಿನದ ಮೇಲೆ ನಾನು ಕಂಡರಿಯದ ರೈತರೊಬ್ಬರು ಫೋನು ಮಾಡಿ, "ಸ್ವಾಮಿ, ನೂರು ಗ್ರಾಂ ಪೊಟ್ಟಣ ಒಂದೆಕರೆಗೆ ಆಗುತ್ತೆ ಅಂತ ಅಂಗಡಿಯವರು ಕೊಟ್ಟರು. ಎರಡನೇ ಕ್ಯಾನಿಗೇ ಸಾಲದೆ ಹೋಯ್ತಲ್ಲ?" ಎಂದರು. ಲೆಕ್ಕ ಹಾಕಿದಾಗ ನನ್ನ ಎದೆ ಧಸಕ್ಕೆಂದಿತು. ಹದಿನೈದು ಲೀಟರಿನ ಕ್ಯಾನಿಗೆ 6 ಗ್ರಾಂ ಹಾಕಬೇಕಾದಲ್ಲಿ ಆತ 60 ಗ್ರಾಂ ಹಾಕಿದ್ದರು. ಮೈ ಕೈ ತೊಳೆದುಕೊಂಡು ಬಟ್ಟೆ ಬದಲಿಸಲು ಹೇಳಿದೆ. ಹೊಡೆದಷ್ಟು ಸಾಲಿನ ಸೊಪ್ಪೆಯನ್ನು ದನಕ್ಕೆ ಹಾಕಬೇಡಿ ಎಂದೆ. ದೇವರ ದಯದಿಂದ ಆತನಿಗೆ ಏನೂ ಆಗಲಿಲ್ಲ. ಪೊಟ್ಟಣ ಅಷ್ಟು ಬೇಗ ಮುಗಿಯದಿದ್ದರೆ ಆತ ಫೋನು ಮಾಡುತ್ತಲೇ ಇರಲಿಲ್ಲ.

 ನನ್ನ ಸಂದೇಶ ಊರೂರಿಗೆ ಹೋದ ಮೇಲೆ ಆ ಪ್ರತಿಗಳನ್ನು ಅಳಿಸುವ ಉಪಾಯ ನನ್ನಲ್ಲಿರಲಿಲ್ಲ. ಅಂದಿನಿಂದ ನಾನು ಲೀಟರಿನ ಲೆಕ್ಕ ಬರೆಯುವುದನ್ನೇ ಬಿಟ್ಟೆ. ಹದಿನೈದು ಲೀಟರ್ ಕ್ಯಾನಿಗೆ ಆರು ಗ್ರಾಂ ಎಂದು ಅಕ್ಷರದಲ್ಲೇ ಬರೆಯುತ್ತೇನೆ. ಅದನ್ನೇ ಧ್ವನಿಯಲ್ಲೂ ಹೇಳಿ, ತಾರೀಖು ಸೇರಿಸಿ ಕಳಿಸುತ್ತೇನೆ. ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ: ಕಳಿಸಿದವರ ಹೆಸರಿಲ್ಲದ ಔಷಧಿ ಪ್ರಮಾಣವನ್ನು ದಯವಿಟ್ಟು ಮುಂದಕ್ಕೆ ದಾಟಿಸಬೇಡಿ. ಅನುಮಾನ ಬಂದರೆ ಪೊಟ್ಟಣದ ಮೇಲಿನ ಚೀಟಿ ಓದಿ.

ಇನ್ನೊಂದು ಮಾತನ್ನು ನಮ್ಮ ಕಡೆಯವರಿಗಾಗಿ ಹೇಳುತ್ತೇನೆ. ಬಡ್ತಿಯ ವೇಳೆಯಲ್ಲಿ ಪ್ರಬಂಧಗಳಿಗೆ ಅಂಕವುಂಟು. ರಾತ್ರಿ ಹತ್ತು ಗಂಟೆಗೆ ರೈತನಿಗೆ ಬರೆದ ಉತ್ತರಕ್ಕೆ ನಾನು ಕಂಡಂತೆ ಅಂಕವಿಲ್ಲ. ಆದ್ದರಿಂದ ಕೆಲವರು ಉತ್ತರಿಸುವುದೇ ಇಲ್ಲ. ಮತ್ತೆ ಕೆಲವು ತರುಣರು ಯೂಟ್ಯೂಬಿನಲ್ಲಿ ನೋಡುವವರ ಸಂಖ್ಯೆಯ ಬೆನ್ನು ಹತ್ತಿ, ಎಕರೆಗೆ ಲಕ್ಷಗಟ್ಟಲೆ ಲಾಭ ಎಂಬ ತಲೆಬರಹ ಹಾಕುತ್ತಾರೆ. ಉತ್ತರಿಸದವರಿಗಿಂತ ಇವರ ಬಗ್ಗೆ ನನಗೆ ಹೆಚ್ಚು ಬೇಸರ.

ತಾವು ಚಿತ್ರ ಕಳಿಸುವಾಗ ಒಂದೇ ಕಳಿಸಬೇಡಿ. ಇಡೀ ಹೊಲದ್ದೊಂದು, ಬೇರು ಸಹಿತ ಗಿಡದ್ದೊಂದು, ಹುಳುವಿನದೋ ಎಲೆಯ ಕೆಳಭಾಗದ್ದೋ ಹತ್ತಿರದಿಂದ ಒಂದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟರೆ ಅಳತೆ ತಿಳಿಯುತ್ತದೆ. ತಳಿ ಯಾವುದು, ಬಿತ್ತಿ ಎಷ್ಟು ದಿನವಾಯಿತು, ಏನೇನು ಹೊಡೆದಿರಿ ಎಂಬುದನ್ನು ಬಾಯಲ್ಲೇ ಹೇಳಿ ಕಳಿಸಿ, ಸಾಕು. ನಮ್ಮಿಂದ "ಗಿಡವನ್ನೇ ತನ್ನಿ" ಎಂದು ಉತ್ತರ ಬಂದರೆ ಬೇಸರ ಪಡಬೇಡಿ.

ಇನ್ನು ತಮ್ಮ ಪ್ರಶ್ನೆಗಳಿಗೆ ಬರೋಣ. ಹಿಂದಿನ ಸಾಲಿನಲ್ಲಿ ಯಾರೋ ಸೀಸೆಯಲ್ಲಿ ಹುಳು ತಂದಿದ್ದಾರೆ, ಅವರು ಮೊದಲು ಮುಂದೆ ಬನ್ನಿ.