ಸಾರಥಿಯಿಲ್ಲದ ರೈಲು
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಚಾಣಕ್ಯಪುರಿಯ ನೆರೆಯ ಮೋತಿಬಾಗಿನ ಮೆಟ್ರೋ ನಿಲ್ದಾಣಕ್ಕೆ ನಮ್ಮ ಸರ್ ವಿಶ್ವೇಶ್ವರಯ್ಯನವರ ಹೆಸರಿದೆ. ಆ ಗುಲಾಬಿ ಮಾರ್ಗದಲ್ಲಿ 2021ರ ನವೆಂಬರಿನಲ್ಲಿ ಚಾಲಕರಹಿತ ಸಂಚಾರ ಆರಂಭವಾಯಿತು. ದೇಶಕ್ಕೆ ಮೊದಲನೆಯದು 2020ರ ಡಿಸೆಂಬರ್ 28ರಂದು ಮೆಜೆಂಟಾ ಮಾರ್ಗದಲ್ಲಿ, ಜನಕಪುರಿ ಪಶ್ಚಿಮದಿಂದ ಬೊಟಾನಿಕಲ್ ಗಾರ್ಡನ್‌ವರೆಗೆ. ಹೊರಡುವುದು, ನಿಲ್ಲುವುದು, ಬಾಗಿಲು ತೆರೆಯುವುದು ಎಲ್ಲವೂ ಯಂತ್ರದ ಪಾಲು. ಗಾಡಿ ಗಾಡಿಗಳ ನಡುವಣ ಅಂತರವನ್ನು ರೇಡಿಯೋ ಸಂಕೇತ ಕಾಯುತ್ತದೆ. ನಿಯಂತ್ರಣ ಕೊಠಡಿಯವರು ದೂರದಿಂದಲೇ ನೋಡಿಕೊಳ್ಳುತ್ತಾರೆ.

ಹಾಗಾದರೆ ಗಾಡಿಯೊಳಗಿನ ನೌಕರರ ಗತಿಯೇನು? ಗಿರಣಿಯ ಲೆಕ್ಕ ಬರೆಯುವ ನಮಗೆ ಈ ಪ್ರಶ್ನೆ ಹೊಸದಲ್ಲ. ಗಣಕಯಂತ್ರ ಬಂದಾಗ ನಮ್ಮ ಲೆಡ್ಜರುಗಳೂ ಅಟ್ಟ ಸೇರಿದವು. ಮೆಟ್ರೋದವರು ಮೊದಮೊದಲು ಈ ಗಾಡಿಗಳಲ್ಲಿಯೂ ಸಿಬ್ಬಂದಿಯನ್ನು ಉಳಿಸಿಕೊಂಡಿದ್ದರು. ಅದು ವಿವೇಕ. ಸುರಂಗದ ನಡುವೆ ಗಾಡಿ ನಿಂತರೆ, ಹೊಗೆ ಕಂಡರೆ, ವೃದ್ಧೆಯೊಬ್ಬರಿಗೆ ತಲೆ ತಿರುಗಿದರೆ, ಧೈರ್ಯ ಹೇಳಿ ಕೈಹಿಡಿದು ಇಳಿಸಲು ಮನುಷ್ಯನೇ ಬೇಕು. ಹಿಡಿಕೆ ತಿರುಗಿಸುವ ಕೆಲಸ ಹೋದೀತು; ಪ್ರಯಾಣಿಕರನ್ನು ಕಾಯುವ ಕೆಲಸ ಹೋಗಬಾರದು. ಅದಕ್ಕೆ ತಕ್ಕ ತರಬೇತಿಯನ್ನೂ ಸಂಬಳವನ್ನೂ ಕೊಡುವುದು ನ್ಯಾಯ.

ಯಂತ್ರವನ್ನು ದೂರುವುದು ಬೇಡ. ಉಳಿತಾಯದ ಹೆಸರಿನಲ್ಲಿ ಮನುಷ್ಯನನ್ನು ಮರೆಯುವುದೂ ಬೇಡ.