ಆಂಗ್ಲನಾಡಿನ ಪ್ರೇತಕಥೆಗಳು



ಸುಮಾರು 1400ನೆಯ ಇಸವಿಯಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬೈಲ್ಯಾಂಡ್ ಎಂಬ ಮಠದಲ್ಲಿದ್ದ ಸಂನ್ಯಾಸಿಯೊಬ್ಬನು, ಸಿಸೆರೋವಿನ ಪ್ರಬಂಧಗಳಿದ್ದ ಹಳೆಯ ಹಸ್ತಪ್ರತಿಯೊಂದರ ಬರಿದಾದ ಹಾಳೆಗಳ ಮೇಲೆ, ತನ್ನ ಸುತ್ತಣ ಹಳ್ಳಿಗರು ಹೇಳಿಕೊಳ್ಳುತ್ತಿದ್ದ ಹನ್ನೆರಡು ಪ್ರೇತವೃತ್ತಾಂತಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಆತನ ಹೆಸರು ಉಳಿದುಬಂದಿಲ್ಲ. ಆಂಗ್ಲ ಪ್ರೇತಕಥೆಯ ಚರಿತ್ರೆಯನ್ನು ಇಲ್ಲಿಂದ ತೊಡಗುವುದೇ ಲೇಸೆಂದು ನನ್ನ ಭಾವನೆ. ಏಕೆಂದರೆ ಪಂಡಿತನ ಲೇಖನಿಯೂ ಗ್ರಾಮಸ್ಥರ ನಾಲಗೆಯೂ ಇಷ್ಟು ಸಮೀಪಕ್ಕೆ ಬಂದ ಸಂದರ್ಭಗಳು ವಿರಳ.

ಅವುಗಳಲ್ಲಿ ಅತ್ಯಂತ ದೀರ್ಘವಾದುದು ಸ್ನೋಬಾಲ್ ಎಂಬ ದರ್ಜಿಯ ಕಥೆ. ಈತನು ಒಂದು ರಾತ್ರಿ ಗಿಲ್ಲಿಂಗ್ ಎಂಬಲ್ಲಿಂದ ಆಂಪಲ್‌ಫರ್ತಿನ ತನ್ನ ಮನೆಗೆ ಕುದುರೆಯ ಮೇಲೆ ಬರುತ್ತಿರಲು, ಹಳ್ಳದಲ್ಲಿ ಬಾತುಗಳು ಮೈ ತೊಳೆಯುತ್ತಿರುವಂತಹ ಸದ್ದು ಕೇಳಿಬಂದಿತು; ಒಡನೆಯೇ ಕಾಗೆಯ ರೂಪದ ಪಕ್ಷಿಯೊಂದು ಅವನ ಮುಖವನ್ನು ಸುತ್ತಿ ಹಾರಿ, ಸಾಯುತ್ತಿರುವಂತೆ ರೆಕ್ಕೆ ಬಡಿಯುತ್ತ ನೆಲಕ್ಕೆ ಬಿದ್ದಿತು. ಹಿಡಿಯಲೆಂದು ಇಳಿದರೆ ಅದರ ಪಕ್ಕೆಗಳಿಂದ ಬೆಂಕಿಯ ಕಿಡಿಗಳು ಉದುರುತ್ತಿದ್ದವು. ಮತ್ತೆ ಕುದುರೆಯನ್ನೇರಿದವನನ್ನು ಅದು ಕೆಳಗೆ ಕೆಡಹಿತು. ಅವನು ಕತ್ತಿಯಿಂದ ಹೊಡೆದರೆ, ಉರುವಲಿಗೆಂದು ಒಟ್ಟಿದ ಜೌಗುಮಣ್ಣಿನ ಹೆಂಟೆಗಳನ್ನು ಹೊಡೆದಂತಾಯಿತು. ಆಮೇಲೆ ಕೊರಳಿಗೆ ಸರಪಳಿ ತೊಟ್ಟ ನಾಯಿಯಾಗಿ ಬಂದ ಅದನ್ನು ದರ್ಜಿಯು ದೇವರ ಆಣೆಯಿಟ್ಟು ಪ್ರಶ್ನಿಸಲು, ತಾನು ಧರ್ಮಬಹಿಷ್ಕೃತನಾಗಿ ಸತ್ತ ಮನುಷ್ಯನೆಂದೂ, ತನಗೆ ಪಾಪವಿಮೋಚನೆಯ ಪತ್ರವನ್ನು ದೊರಕಿಸಿ, 180 ಬಲಿಪೂಜೆಗಳನ್ನು ಮಾಡಿಸಬೇಕೆಂದೂ ಅದು ಬೇಡಿಕೊಂಡಿತು. ಬಡ ದರ್ಜಿಯು ಊರೂರು ಅಲೆದು, ಪಾದ್ರಿಗಳನ್ನು ಕಂಡು, ಎಲ್ಲವನ್ನೂ ನಡೆಸಿಕೊಟ್ಟನು. ವಿಮೋಚನೆಯ ಪತ್ರವನ್ನು ಸತ್ತವನ ಗೋರಿಯಲ್ಲಿ ಹೂಳಲಾಯಿತು.

ಈ ಪತ್ರವೆಂಬುದು ಕೇವಲ ಕಲ್ಪನೆಯ ಅಲಂಕಾರವಲ್ಲ. ಅದಕ್ಕೂ ಇನ್ನೂರು ವರ್ಷಗಳ ಹಿಂದೆ, 1198ರ ವೇಳೆಗೆ ಅದೇ ಯಾರ್ಕ್‌ಷೈರಿನಲ್ಲಿ ತನ್ನ ಇತಿಹಾಸಗ್ರಂಥವನ್ನು ರಚಿಸಿದ ನ್ಯೂಬರೋವಿನ ವಿಲಿಯಂ, ಗೋರಿಯಿಂದ ಎದ್ದುಬಂದು ಹೆಂಡತಿಯನ್ನೂ ನೆರೆಯವರನ್ನೂ ಪೀಡಿಸುತ್ತಿದ್ದ ಬಕಿಂಗ್‌ಹ್ಯಾಂಷೈರಿನ ಶವವೊಂದರ ವಿಚಾರವನ್ನು ಹೇಳಿರುತ್ತಾನೆ. ಅಂತಹ ಶವವನ್ನು ಅಗೆದು ಸುಡುವುದೇ ವಾಡಿಕೆಯೆಂದು ಜನರು ಹೇಳಿದಾಗ, ಲಿಂಕನ್ನಿನ ಬಿಷಪ್ ಹ್ಯೂ ಅದಕ್ಕೆ ಒಪ್ಪದೆ, ಸ್ವಹಸ್ತದಿಂದ ವಿಮೋಚನಾಪತ್ರವನ್ನು ಬರೆದು ಶವದ ಎದೆಯ ಮೇಲೆ ಇರಿಸುವಂತೆ ಕಳುಹಿಸಿದನಂತೆ. ಉಪದ್ರವವೂ ಅಲ್ಲಿಗೇ ನಿಂತಿತಂತೆ. ಪ್ರೇತವೆಂದರೆ ಋಣ ತೀರದೆ ನಿಂತವನು, ಅವನ ಋಣವನ್ನು ತೀರಿಸಲು ಬದುಕಿರುವವರಿಗೆ ಸಾಧ್ಯವುಂಟು ಎಂಬುದೇ ಆ ಕಾಲದ ದೃಢವಾದ ನಂಬುಗೆಯಾಗಿದ್ದಿತು.

ಹದಿನಾರನೆಯ ಶತಮಾನದ ಮತಸುಧಾರಣೆಯು ಈ ಸಂಬಂಧವನ್ನು ಕಡಿದುಹಾಕಿತು. 1538ರಲ್ಲಿ ಬೈಲ್ಯಾಂಡ್ ಮಠವು ಮುಚ್ಚಲ್ಪಟ್ಟಿತು. 1547ರ ಶಾಸನದಿಂದ ಮೃತರಿಗಾಗಿ ಪೂಜೆ ನಡೆಸುವ ದತ್ತಿಗಳೆಲ್ಲ ರಾಜಕೋಶಕ್ಕೆ ಸೇರಿದವು. ಆತ್ಮಗಳು ಕಾದುಕೊಂಡಿರುವ ಶುದ್ಧೀಕರಣಲೋಕವೆಂಬುದೇ ಇಲ್ಲವೆಂದು ಹೊಸ ಬೋಧಕರು ಸಾರಿದರು. ಹಾಗಾದರೆ ಹಳ್ಳಿಗನ ಕಣ್ಣಿಗೆ ಬೀಳುವುದೇನು? ಸೈತಾನನ ಮಾಯೆ ಎಂಬುದೇ ಅವರ ಉತ್ತರ. 1577ರ ಆಗಸ್ಟ್ 4ರ ಭಾನುವಾರ, ಸಫೋಕ್ ಪ್ರಾಂತದ ಬಂಗೀ ಊರಿನ ಚರ್ಚಿನಲ್ಲಿ, ಭಯಂಕರವಾದ ಗುಡುಗು ಸಿಡಿಲುಗಳ ನಡುವೆ ಕರಿಯ ನಾಯಿಯೊಂದು ಕಾಣಿಸಿಕೊಂಡು, ಮೊಣಕಾಲೂರಿದ್ದ ಇಬ್ಬರನ್ನು ಕೊಂದಿತೆಂದೂ, ಅದೇ ದಿನ ಬ್ಲೈಬರೋವಿನ ಚರ್ಚಿನಲ್ಲಿಯೂ ಅನಾಹುತ ಮಾಡಿತೆಂದೂ ಅಬ್ರಹಾಂ ಫ್ಲೆಮಿಂಗನು ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿ, ಅದು ಸೈತಾನನೇ ಎಂದು ಎಚ್ಚರಿಸಿದನು. ಬ್ಲೈಬರೋವಿನ ಬಾಗಿಲಿನ ಮೇಲಿರುವ ಸುಟ್ಟ ಗುರುತುಗಳನ್ನು ಆ ನಾಯಿಯ ಉಗುರಿನ ಗೀರುಗಳೆಂದು ಜನರು ಇಂದಿಗೂ ತೋರಿಸುತ್ತಾರೆ. ಸರಪಳಿಯ ನಾಯಿಯಾಗಿ ಬಂದು ದರ್ಜಿಯೊಡನೆ ಮಾತನಾಡಿದ ಪ್ರೇತಕ್ಕೂ ಈ ಮೂಕ ಮೃಗಕ್ಕೂ ನಡುವಣ ಅಂತರವನ್ನು ಕಂಡಾಗ ನನಗೆ ಮರುಕವಾಗುತ್ತದೆ. ಬೇಡಿಕೊಳ್ಳುವ ಬಾಯಿಯನ್ನೇ ಅದು ಕಳೆದುಕೊಂಡಿದ್ದಿತು.

ಮುಂದಿನ ಎರಡು ಶತಮಾನಗಳಲ್ಲಿ ವಿದ್ಯಾವಂತರು ಇಂತಹ ಕಥೆಗಳನ್ನು ಅಜ್ಜಿಯರ ಹರಟೆಯೆಂದು ಒಲೆಯ ಬದಿಗೆ ತಳ್ಳಿದರು. ಆದರೆ ಚಳಿಗಾಲದ ದೀರ್ಘರಾತ್ರಿಗಳಲ್ಲಿ ಆ ಒಲೆಯ ಬದಿಯೇ ಕಥೆಗಳನ್ನು ಕಾಪಾಡಿತು. ಕ್ರಿಸ್‌ಮಸ್ಸಿಗೂ ಪ್ರೇತಕ್ಕೂ ಇರುವ ನಂಟನ್ನು 1843ರ ತನ್ನ ಪ್ರಸಿದ್ಧ ಕಥೆಯಲ್ಲಿ ಡಿಕನ್ಸನು ಊರ್ಜಿತಗೊಳಿಸಿದನು. ಅಲ್ಲಿಯ ಮಾರ್ಲಿಯ ಪ್ರೇತವೂ ಸರಪಳಿಯನ್ನು ಎಳೆದುಕೊಂಡೇ ಬರುವುದಷ್ಟೆ! ಬೈಲ್ಯಾಂಡಿನ ಹಾಳೆಗಳು ಆಗ ಇನ್ನೂ ಅಚ್ಚಾಗಿರಲಿಲ್ಲ. 1878ರಲ್ಲಿ ಲಂಡನ್ನಿನಲ್ಲಿ ಜಾನಪದ ಸಂಘವು ಸ್ಥಾಪಿತವಾಗಿ, ಪಾದ್ರಿಗಳೂ ಶಾಲಾಶಿಕ್ಷಕರೂ ಊರೂರಿನ ಐತಿಹ್ಯಗಳನ್ನು ಕಲೆಹಾಕತೊಡಗಿದರು.

ಹೀಗೆ ಹದವಾದ ನೆಲದಲ್ಲಿ ಬೆಳೆದವನು ಮಾಂಟೇಗ್ ರೋಡ್ಸ್ ಜೇಮ್ಸ್. 1862ರಲ್ಲಿ ಜನಿಸಿ, ಸಫೋಕಿನ ಗ್ರೇಟ್ ಲಿವರ್‌ಮಿಯರ್ ಎಂಬ ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಬಾಲ್ಯವನ್ನು ಕಳೆದ ಈತನು, ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳನ್ನು ಸಿದ್ಧಪಡಿಸುವುದರಲ್ಲಿ ತನ್ನ ಕಾಲದ ಅಗ್ರಗಣ್ಯ ವಿದ್ವಾಂಸನಾಗಿದ್ದನು. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ತನ್ನ ಕೊಠಡಿಯಲ್ಲಿ, ಕ್ರಿಸ್‌ಮಸ್ಸಿನ ಹೊತ್ತಿಗೆ ನೆರೆದ ಮಿತ್ರರ ಮುಂದೆ, ಒಂದನ್ನು ಉಳಿಸಿ ಮಿಕ್ಕ ಮೇಣದಬತ್ತಿಗಳನ್ನೆಲ್ಲ ಆರಿಸಿ, ತಾನು ಬರೆದ ಕಥೆಯನ್ನು ಓದುತ್ತಿದ್ದನು. 1904ರಲ್ಲಿ ಆತನ ಮೊದಲ ಕಥಾಸಂಗ್ರಹವು ಹೊರಬಂದಿತು.

ಜೇಮ್ಸನ ಪ್ರೇತಗಳು ಏನನ್ನೂ ಬೇಡುವುದಿಲ್ಲ. 1925ರಲ್ಲಿ ಪ್ರಕಟವಾದ 'ಎ ವಾರ್ನಿಂಗ್ ಟು ದಿ ಕ್ಯೂರಿಯಸ್' ಎಂಬ ಕಥೆಯಲ್ಲಿ, ಸಫೋಕಿನ ಸಮುದ್ರತೀರವನ್ನು ಕಾಯಲೆಂದು ಹೂಳಲಾಗಿದ್ದ ಸ್ಯಾಕ್ಸನ್ ಕಿರೀಟವೊಂದನ್ನು ಅಗೆದು ತೆಗೆದ ತರುಣನು, ಪಶ್ಚಾತ್ತಾಪಪಟ್ಟು ಅದನ್ನು ಮರಳಿ ಹೂತರೂ, ಕಾವಲುಗಾರನ ಪ್ರೇತವು ಅವನನ್ನು ಬಿಡುವುದಿಲ್ಲ. ಆ ಊರು ಕಥೆಯಲ್ಲಿ ಸೀಬರೋ ಆಗಿದ್ದರೂ ನಿಜದಲ್ಲಿ ಆಲ್ಡ್‌ಬರೋವೇ ಸರಿ. ಅಲ್ಲಿಗೆ ಬಹುದೂರವಲ್ಲದ ರೆಂಡಲ್‌ಷಮ್ಮಿನಲ್ಲಿ ಪ್ರಾಚೀನ ಬೆಳ್ಳಿಯ ಕಿರೀಟವೊಂದು ಸಿಕ್ಕಿ ಕರಗಿಹೋಯಿತೆಂಬ ಹಳೆಯ ಸುದ್ದಿಯನ್ನು ಆಧರಿಸಿ ಜೇಮ್ಸನು ಕಥೆಯನ್ನು ಹೆಣೆದಿದ್ದಾನೆ. ಆತನು ತೀರಿಕೊಂಡ ಮೂರು ವರ್ಷಕ್ಕೆ, 1939ರಲ್ಲಿ, ಅದೇ ಸೀಮೆಯ ಸಟ್ಟನ್ ಹೂ ದಿಬ್ಬದಲ್ಲಿ ಸ್ಯಾಕ್ಸನ್ ಅರಸನೊಬ್ಬನದೆಂದು ತಿಳಿಯಲಾದ ನೌಕಾಸಮಾಧಿಯೂ ಹೊನ್ನಿನ ಒಡವೆಗಳೂ ದೊರೆತವು.

ಕಲೆಯ ದೃಷ್ಟಿಯಿಂದ ಜೇಮ್ಸನನ್ನು ಮೀರಿಸಿದವರಿಲ್ಲವೆಂದು ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಸ್ನೋಬಾಲನ ಕಡೆಗೇ ಒಲಿಯುತ್ತದೆ. ಅಲ್ಲಿ ಭಯವುಂಟು, ಜೊತೆಗೆ ಸತ್ತವನಿಗೆ ನೆರವಾಗುವ ದಾರಿಯೂ ಉಂಟು. ಇದನ್ನು ಜೇಮ್ಸನೂ ಬಲ್ಲವನಾಗಿದ್ದಿರಬೇಕು. ಬೈಲ್ಯಾಂಡಿನ ಆ ಹನ್ನೆರಡು ವೃತ್ತಾಂತಗಳನ್ನು ಹುಡುಕಿ ಓದಿ, 1922ರಲ್ಲಿ ಲ್ಯಾಟಿನ್ ಮೂಲದಲ್ಲಿಯೇ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದವನೂ, ಅವುಗಳಿಗೆ ಡೆನ್ಮಾರ್ಕಿನ ಜನಪದ ನಂಬುಗೆಗಳೊಡನೆ ಇರುವ ಹೋಲಿಕೆಯನ್ನು ಗುರುತಿಸಿದವನೂ ಆತನೇ.