ಪಂಪಿನ ಬಿಲ್ಲು, ವಿಮೆಯ ಲೆಕ್ಕ

ಕಾಮಸಮುದ್ರದ ಸುತ್ತಲಿನ ಹಳ್ಳಿಗಳಿಂದ ನರಸಾಪುರದ ಕಾರ್ಖಾನೆಗೋ, ಬಂಗಾರಪೇಟೆಯಲ್ಲಿ ರೈಲು ಹಿಡಿದು ಬೆಂಗಳೂರಿಗೋ ದುಡಿಯಲು ಹೋಗುವ ಹೆಣ್ಣುಮಕ್ಕಳು ಬೆಳಕು ಹರಿಯುವ ಮುನ್ನವೇ ಮನೆ ಬಿಡುತ್ತಾರೆ. ರಜೆ ಮುಗಿಸಿ ಬಂದ ಬಾಣಂತಿಗೆ ಮಧ್ಯಾಹ್ನದೊಳಗೆ ಎದೆ ಕಲ್ಲಾಗುತ್ತದೆ, ರವಿಕೆ ಒದ್ದೆಯಾಗುತ್ತದೆ. ಪಕ್ಕದವಳು ಹೇಳುತ್ತಾಳೆ: ಕರೆಂಟಿನ ಪಂಪ್ ತಗೋ, ಇನ್ಶೂರೆನ್ಸ್‌ನಲ್ಲಿ ದುಡ್ಡು ಬರುತ್ತಂತೆ.

ಆ 'ಅಂತೆ' ಅಮೆರಿಕದ್ದು. 2010ರ ಆರೋಗ್ಯ ಕಾನೂನಿನಿಂದಾಗಿ ಅಲ್ಲಿನ ಹೆಚ್ಚಿನ ವಿಮೆಗಳು ಪಂಪಿನ ಖರ್ಚನ್ನು ಭರಿಸಬೇಕು. ಆದರೆ ಸಂಬಳ ಸಹಿತ ಹೆರಿಗೆ ರಜೆಯನ್ನು ಎಲ್ಲ ಮಾಲೀಕರೂ ಕೊಡಬೇಕೆಂಬ ರಾಷ್ಟ್ರೀಯ ಕಾನೂನು ಅಲ್ಲಿಲ್ಲ. ರಜೆ ಕೊಡದ ದೇಶ ಪಂಪು ಕೊಟ್ಟಿದೆ ಎನ್ನಬಹುದೇನೋ.

ಇಲ್ಲಿನ ಪಾಲಿಸಿ ಆಸ್ಪತ್ರೆಯ ಹಾಸಿಗೆಗೆ ಅಂಟಿಕೊಂಡದ್ದು. ಹೆರಿಗೆ ಕವರ್ ಇದ್ದರೂ ಅದಕ್ಕೊಂದು ಮಿತಿ. ಸ್ವಂತಕ್ಕೆ ಕೊಂಡ ಪಾಲಿಸಿಯಾದರೆ ಸಾಮಾನ್ಯವಾಗಿ ಕಾಯುವ ಅವಧಿ ಬೇರೆ. ಕೊನೆಯ ಪುಟಗಳ ಸಣ್ಣಕ್ಷರದಲ್ಲಿ ಹಣ ಸಿಗದ ವಸ್ತುಗಳ ಪಟ್ಟಿಯಿರುತ್ತದೆ: ಮಗುವಿನ ಆಹಾರ, ಮಗುವಿನ ಬಳಕೆಯ ಸಾಮಾನು, ಡೈಪರ್. ಮನೆಗೆ ಕೊಂಡ ಪಂಪಿನ ಬಿಲ್ಲಿಗೂ ಸಾಮಾನ್ಯವಾಗಿ ಅದೇ ಗತಿ. ಕಂಪನಿಯ ಗುಂಪು ವಿಮೆಯಲ್ಲಿ ಹೆರಿಗೆ ನಂತರದ ಹೊರರೋಗಿ ಖರ್ಚಿಗೆ ಅವಕಾಶವಿದ್ದರೆ ಡಾಕ್ಟರ ಚೀಟಿ, ಬಿಲ್ಲು ಲಗತ್ತಿಸಿ ಕೇಳಿ ನೋಡಬಹುದು. ಅದೂ ಕೊಳ್ಳುವ ಮೊದಲೇ ಲಿಖಿತ ಉತ್ತರ ಪಡೆದು. ಏಜೆಂಟರ 'ಆಗುತ್ತೆ ಮೇಡಂ' ಕ್ಲೇಮಿನ ದಿನ ಸಾಕ್ಷಿಗೆ ಬರುವುದಿಲ್ಲ. ತಕರಾರಿದ್ದರೆ ವಿಮಾ ಪ್ರಾಧಿಕಾರದ ಸಹಾಯವಾಣಿ 155255.

ತಿಂಗಳ ಸಂಬಳ 21,000 ರೂಪಾಯಿಯೊಳಗಿರುವ ಇಎಸ್‌ಐ ಕಾರ್ಡಿನವರಿಗೂ ಪಂಪಿನ ನಿರೀಕ್ಷೆ ಬೇಡ. ಆದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಸಂದಿದ್ದರೆ ಮೊದಲೆರಡು ಮಕ್ಕಳಿಗೆ 26 ವಾರ ಪೂರ್ತಿ ಸಂಬಳದ ಲೆಕ್ಕದಲ್ಲಿ ಹಣ ಬರುತ್ತದೆ. ಕೆಲಸಕ್ಕೆ ಮರಳಿದ ಮೇಲೆ, ಮಗುವಿಗೆ 15 ತಿಂಗಳಾಗುವವರೆಗೆ, ದಿನಕ್ಕೆ ಎರಡು ಹಾಲುಣಿಸುವ ಬಿಡುವು ಕಾನೂನಿನದೇ ಹಕ್ಕು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಕೂಸಿನ ಮನೆಯೂ ಇರಬೇಕು. ಮೊದಲು ಕೇಳಬೇಕಾದ್ದು ಇದನ್ನು. ಬಿಡುವಿಲ್ಲದ ಕಡೆ ಎಂಥ ಪಂಪಾದರೂ ಬ್ಯಾಗಿನಲ್ಲೇ ಉಳಿಯುತ್ತದೆ.

ತಿಂಗಳು ತುಂಬದೆ ಹುಟ್ಟಿದ ಕೂಸು ಆಸ್ಪತ್ರೆಯಲ್ಲೇ ಇದ್ದರೆ ಮಾತು ಬೇರೆ. ಅಲ್ಲಿ ಪಂಪು ಸೌಕರ್ಯವಲ್ಲ, ಚಿಕಿತ್ಸೆಯ ಭಾಗ. ಹೊಸದು ಕೊಳ್ಳುವ ಮೊದಲು ವಾರ್ಡಿನಲ್ಲೇ ಇದೆಯೇ ಎಂದು ನರ್ಸನ್ನು ಕೇಳಬೇಕು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ 'ಅಮೃತಧಾರೆ' ಎಂಬ ಎದೆಹಾಲಿನ ಬ್ಯಾಂಕೇ ಇದೆ. ಇಂಥ ಬ್ಯಾಂಕುಗಳಲ್ಲಿ ದಾನಿಗಳ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಸೋಂಕು ಕಳೆಯುತ್ತಾರೆ.

ಪಂಪಿಲ್ಲದೆಯೂ ಕೆಲಸ ನಡೆಯುತ್ತದೆ. ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲು ಹಿಡಿದು, ತೊಟ್ಟಿನ ಸುತ್ತಲ ಕಪ್ಪು ಭಾಗದ ಹಿಂದೆ ಹೆಬ್ಬೆರಳು, ತೋರುಬೆರಳಿಟ್ಟು ಎದೆಯ ಕಡೆಗೆ ಒತ್ತಿ ಹಿಂಡಬೇಕು, ತೊಟ್ಟನ್ನೇ ಎಳೆಯಬಾರದು. ಹಿಂಡಿದ ಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರಬಲ್ಲದು. ಏಪ್ರಿಲ್ ಬಿಸಿಲಿನ ಬಂಗಾರಪೇಟೆಯಲ್ಲಿ ಆ 25 ಡಿಗ್ರಿ ಎಲ್ಲಿಂದ ಬರಬೇಕು! ಐಸ್ ಪ್ಯಾಕ್ ಇಟ್ಟ ಚೀಲವೇ ಗತಿ. ಡಬ್ಬಿಯ ಮೇಲೆ ಹಿಂಡಿದ ದಿನ, ಹೊತ್ತು ಬರೆದಿದ್ದರೆ ಮನೆಯಲ್ಲಿ ಕೂಸು ನೋಡುವ ಅಜ್ಜಿ ಹಳೆಯದನ್ನು ಮೊದಲು ಕುಡಿಸುತ್ತಾಳೆ.